ಬರ್ನ್‌ನಲ್ಲಿ ಎರಡು ದಿನ: ಹೂತೋಟ, ಮೊಣಕಾಲು, ಊಟ ಎಲ್ಲ ನೋಡಿಕೊಂಡು ಒಂದು ಉತ್ತರ

ಅಕ್ಕಾ, ನಮ್ಮ ಹೂತೋಟದ ಗುಂಪಿನಲ್ಲಿ ನೀವು ಕೇಳಿದ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಸಮಾಧಾನವಾಗಿ ಬರೆಯೋಣ ಅಂತ ಬೆಳಗ್ಗೆ ಗಿಡಗಳಿಗೆ ನೀರು ಹಾಕಿ ಬಂದು ಕೂತಿದ್ದೇನೆ. ಜೂನ್ ಮೊದಲ ವಾರ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಮಗಳ ಮನೆಗೆ ಹೋಗುತ್ತೀರಿ. ಅಲ್ಲಿಂದ ಶುಕ್ರವಾರ ಸಂಜೆ ಹೊರಟು ಭಾನುವಾರ ಸಂಜೆ ವಾಪಸಾಗುವ ಹಾಗೆ ಒಂದು ಪ್ರವಾಸ ಬೇಕು. ಜೊತೆಗೆ ಮೊಣಕಾಲು ನೋವಿರುವ ಅತ್ತೆ ಇದ್ದಾರೆ, ಎಲ್ಲರೂ ಸಸ್ಯಾಹಾರಿಗಳು, ನಿಮಗೆ ಹೂವು ನೋಡಬೇಕು. ನಿಮ್ಮ ಪಟ್ಟಿಯಲ್ಲಿ ಬರ್ನ್, ಲುಸರ್ನ್, ಇಂಟರ್‌ಲಾಕನ್ ಮೂರೂ ಇವೆ.

ಮೊದಲು ಆ ಪಟ್ಟಿಯಿಂದ ಎರಡು ಊರು ತೆಗೆದುಬಿಡಿ. ಬರ್ನ್ ಒಂದನ್ನೇ ಇಟ್ಟುಕೊಳ್ಳಿ. ಎರಡು ವರ್ಷದ ಹಿಂದೆ ಇದೇ ಜೂನ್ ತಿಂಗಳಲ್ಲಿ ನನ್ನ ಅಮ್ಮನ ಜೊತೆ ಅಲ್ಲಿ ಮೂರು ರಾತ್ರಿ ಇದ್ದೆ. ಅಮ್ಮನಿಗೂ ಮೊಣಕಾಲಿನದೇ ತೊಂದರೆ. ರೈಲು ಎಷ್ಟೇ ಚೆನ್ನಾಗಿದ್ದರೂ ಹತ್ತುವುದು, ಇಳಿಯುವುದು, ಪ್ಲಾಟ್‌ಫಾರ್ಮ್ ಹುಡುಕುವುದು ವಯಸ್ಸಾದವರಿಗೆ ಸುಸ್ತು. ಎರಡು ದಿನದಲ್ಲಿ ಮೂರು ಊರು ಅಂದರೆ ಅತ್ತೆಗೆ ಸ್ಟೇಷನ್‌ಗಳು ಮಾತ್ರ ನೆನಪಿರುತ್ತವೆ.

ಜ್ಯೂರಿಕ್ ಮುಖ್ಯ ಸ್ಟೇಷನ್‌ನಿಂದ ಬರ್ನ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆಗೂ ಸ್ವಲ್ಪ ಕಡಿಮೆ. ಅರ್ಧ ಗಂಟೆಗೊಂದು ರೈಲಿದೆ. ಸೀಟು ಕಾಯ್ದಿರಿಸುವ ಅಗತ್ಯ ಇಲ್ಲ, ಸೆಕೆಂಡ್ ಕ್ಲಾಸ್ ಬೋಗಿಯಲ್ಲಿ ಖಾಲಿ ಇರುವ ಕಡೆ ಕೂತರಾಯಿತು. ಟಿಕೆಟ್ ಮಾತ್ರ ಮುಂಚೆಯೇ ತೆಗೆಯಿರಿ. ಅವರ ರೈಲ್ವೆ ಆ್ಯಪ್‌ನಲ್ಲಿ ನಿಗದಿತ ರೈಲಿಗೆ ಸೂಪರ್‌ಸೇವರ್ ಅಂತ ಕಡಿಮೆ ದರದ ಟಿಕೆಟ್ ಸಿಗುತ್ತದೆ, ಆದರೆ ಆ ರೈಲು ತಪ್ಪಿದರೆ ಟಿಕೆಟ್ ಹೋದ ಹಾಗೆ. ಮಗಳ ಹತ್ತಿರ ಅರ್ಧ ದರಕ್ಕೆ ಟಿಕೆಟ್ ಸಿಗುವ ಹಾಫ್ ಫೇರ್ ಕಾರ್ಡ್ ಇರಬಹುದು. ಅದು ಅವರ ಹೆಸರಿನದು, ನಿಮಗೆ ನಡೆಯುವುದಿಲ್ಲ. ಪ್ರವಾಸಿಗರಿಗೆ ಒಂದು ತಿಂಗಳ ಹಾಫ್ ಫೇರ್ ಕಾರ್ಡ್ ಬೇರೆ ಸಿಗುತ್ತದೆ. ಇಡೀ ತಿಂಗಳು ಅಲ್ಲೇ ಇದ್ದು ಆಗಾಗ ತಿರುಗಾಡುವುದಾದರೆ ಲೆಕ್ಕ ಹಾಕಿ ನೋಡಿ. ಬರೀ ಬರ್ನ್‌ಗೆ ಹೋಗಿ ಬರುವುದಕ್ಕಾದರೆ ಬೇಡ.

ಹೋಟೆಲ್ ಆದಷ್ಟು ಸ್ಟೇಷನ್ ಹತ್ತಿರ ಮಾಡಿ. ಬರ್ನ್‌ನಲ್ಲಿ ದುಡ್ಡು ಕೊಟ್ಟು ರಾತ್ರಿ ಉಳಿಯುವವರಿಗೆ ಬರ್ನ್ ಟಿಕೆಟ್ ಅಂತ ಕೊಡುತ್ತಾರೆ. ಉಳಿಯುವಷ್ಟೂ ದಿನ ಊರೊಳಗಿನ ಬಸ್ಸು, ಟ್ರಾಮ್ ಉಚಿತ. ಗುರ್ಟನ್ ಬೆಟ್ಟಕ್ಕೆ ಹೋಗುವ ಹಗ್ಗದ ರೈಲೂ ಅದರಲ್ಲೇ ಬರುತ್ತದೆ. ಅತ್ತೆಯವರಿಗೆ ಇದೇ ದೊಡ್ಡ ಅನುಕೂಲ. ಎರಡು ಸ್ಟಾಪ್ ದೂರಕ್ಕೂ ಯೋಚಿಸದೆ ಬಸ್ ಹತ್ತಬಹುದು.

ಶನಿವಾರ ಬೆಳಗ್ಗೆ ಪಾರ್ಲಿಮೆಂಟ್ ಮುಂದಿನ ಬುಂಡೆಸ್‌ಪ್ಲಾಟ್ಸ್‌ನಿಂದ ಶುರು ಮಾಡಿ. ಅಲ್ಲಿ ಮಂಗಳವಾರ ಮತ್ತು ಶನಿವಾರ ಬೆಳಗ್ಗೆ ಸಂತೆ. ಒಂದು ದೇಶದ ಪಾರ್ಲಿಮೆಂಟ್ ಬಾಗಿಲಲ್ಲಿ ಸುತ್ತಲಿನ ರೈತರು ಸೊಪ್ಪು, ತರಕಾರಿ, ಹೂವಿನ ಸಸಿ ಇಟ್ಟುಕೊಂಡು ಕೂತಿರುವುದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು. ಜೂನ್ ಮೊದಲಲ್ಲಿ ಸ್ಟ್ರಾಬೆರಿ, ಆಸ್ಪರಾಗಸ್ ಕಾಲ. ಸ್ಟ್ರಾಬೆರಿ ಒಂದು ಡಬ್ಬಿ ತಗೊಳ್ಳಿ. ಸಂತೆ ಎದ್ದ ಮೇಲೆ ಅದೇ ಚೌಕದಲ್ಲಿ ನೆಲದಿಂದ 26 ಕಾರಂಜಿಗಳು ಚಿಮ್ಮುತ್ತವೆ, ಆ ದೇಶದ 26 ಕ್ಯಾಂಟನ್‌ಗಳಿಗೆ, ಅಂದರೆ ರಾಜ್ಯಗಳಿಗೆ, ಒಂದೊಂದು. ಕಟ್ಟಡದ ಹಿಂದಿನ ಜಗಲಿಗೆ ಹೋದರೆ ಕೆಳಗೆ ಆರೆ ನದಿ, ಮೋಡ ಇಲ್ಲದಿದ್ದರೆ ದೂರದಲ್ಲಿ ಆಲ್ಪ್ಸ್ ಹಿಮ. ಇದಕ್ಕೆ ದುಡ್ಡೂ ಇಲ್ಲ, ಮೆಟ್ಟಿಲೂ ಇಲ್ಲ.

ಅಲ್ಲಿಂದ ಹಳೆ ಊರಿನೊಳಗೆ ಹೋಗಿ. ಬರ್ನ್ ಹುಟ್ಟಿದ್ದು 1191ರಲ್ಲಿ. 1405ರಲ್ಲಿ ಬೆಂಕಿ ಬಿದ್ದು ಮರದ ಮನೆಗಳು ಸುಟ್ಟುಹೋದ ಮೇಲೆ ಮರಳುಗಲ್ಲಿನಲ್ಲಿ ಊರನ್ನು ಮತ್ತೆ ಕಟ್ಟಿದರು. ಅದಕ್ಕೇ ಇಡೀ ಊರಿಗೆ ಆ ಹಸಿರು ಮಿಶ್ರಿತ ಬೂದು ಬಣ್ಣ. 1983ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ರಸ್ತೆಯ ಎರಡೂ ಕಡೆ ಅಂಗಡಿಗಳ ಮುಂದೆ ಕಮಾನಿನ ಮೊಗಸಾಲೆಗಳಿವೆ, ಎಲ್ಲ ಸೇರಿದರೆ ಸುಮಾರು 6 ಕಿಲೋಮೀಟರ್. ಜೂನ್‌ನಲ್ಲಿ ಅಲ್ಲಿ ಮಳೆ ಸಾಮಾನ್ಯ. ನಮಗೂ ಸಿಕ್ಕಿತು. ಆದರೆ ಅಮ್ಮ ಕೊಡೆ ಬಿಚ್ಚದೆ ಅರ್ಧ ಊರು ನೋಡಿದರು. ರಸ್ತೆ ಮಧ್ಯೆ ಉರುಟು ಕಲ್ಲಿನ ಹಾಸು ಇದೆ, ಕಾಲು ಹೊರಳುತ್ತದೆ. ಅತ್ತೆಯವರನ್ನು ಮೊಗಸಾಲೆಯಲ್ಲೇ ನಡೆಸಿ. ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿಸಿ.

ತ್ಸಿಟ್‌ಗ್ಲೊಗ್ಗೆ ಅನ್ನುವ ಗಡಿಯಾರ ಗೋಪುರಕ್ಕೆ ಗಂಟೆ ಹೊಡೆಯುವ ಹತ್ತು ನಿಮಿಷ ಮುಂಚೆ ಹೋಗಿ. ಗಂಟೆ ಹೊಡೆಯುವ ಮೂರು ನಾಲ್ಕು ನಿಮಿಷ ಮೊದಲೇ ಗೊಂಬೆ ಕೋಳಿ ಕೂಗಿ, ಕರಡಿ ಗೊಂಬೆಗಳ ಮೆರವಣಿಗೆ ಶುರುವಾಗುತ್ತದೆ. ಸರಿಯಾಗಿ ಗಂಟೆಗೆ ಬಂದವರಿಗೆ ಅರ್ಧ ತಪ್ಪಿಹೋಗಿರುತ್ತದೆ. ಗೊಂಬೆ ಆಡುವುದು ಗೋಪುರದ ಪೂರ್ವದ ಮುಖದಲ್ಲಿ, ಅಂದರೆ ಸ್ಟೇಷನ್ ಕಡೆಯಿಂದ ಬರುವವರು ಗೋಪುರ ದಾಟಿ ಆಚೆ ಬಂದು ತಿರುಗಿ ನಿಲ್ಲಬೇಕು. ಕ್ಯಾಸ್ಪರ್ ಬ್ರುನ್ನರ್ ಎಂಬವನು 1530ರಲ್ಲಿ ಮಾಡಿದ ಯಂತ್ರ ಅದು.

ಅದೇ ರಸ್ತೆಯಲ್ಲಿ, ಕ್ರಾಮ್‌ಗಾಸ್ಸೆ 49ನೇ ನಂಬರಿನಲ್ಲಿ, ಐನ್‌ಸ್ಟೈನ್ ಬಾಡಿಗೆಗಿದ್ದ ಮನೆ ಇದೆ. 1903ರಿಂದ 1905ರವರೆಗೆ ಇಲ್ಲಿದ್ದರು, ಪೇಟೆಂಟ್ ಆಫೀಸಿನಲ್ಲಿ ಕೆಲಸ. ಸಾಪೇಕ್ಷತೆಯ ಮೊದಲ ಲೇಖನ ಬರೆದದ್ದು ಆ ದಿನಗಳಲ್ಲೇ. ಆದರೆ ಮನೆ ಮೇಲಿನ ಮಹಡಿಯಲ್ಲಿದೆ, ಮೆಟ್ಟಿಲು ಇಕ್ಕಟ್ಟು. ನೀವು, ಮಗಳು ಸರದಿಯ ಮೇಲೆ ನೋಡಿ ಬನ್ನಿ, ಅತ್ತೆ ಕೆಳಗೆ ಕಾಫಿ ಕುಡಿಯಲಿ.

ದೊಡ್ಡ ಚರ್ಚ್ ಬಾಗಿಲ ಮುಂದೆ ಐದು ನಿಮಿಷ ನಿಲ್ಲಿ. ಬಾಗಿಲ ಮೇಲೆ ಕಡೆಯ ತೀರ್ಪಿನ ದೃಶ್ಯ, 200ಕ್ಕೂ ಹೆಚ್ಚು ಸಣ್ಣ ಮೂರ್ತಿಗಳು. ಕೆಲಸ ಶುರುವಾದದ್ದು 1421ರಲ್ಲಿ, ಗೋಪುರ ಮುಗಿದದ್ದು 1893ರಲ್ಲಿ. ಸುಮಾರು 100 ಮೀಟರ್ ಎತ್ತರ, 300ಕ್ಕೂ ಜಾಸ್ತಿ ಮೆಟ್ಟಿಲು. ನಿಮಗೆ ಆಸೆ ಇದ್ದರೆ ಹತ್ತಿ. ಅತ್ತೆಗೆ ಪಕ್ಕದ ಜಗಲಿಯೇ ಸಾಕು. ಅಲ್ಲಿ ದೊಡ್ಡ ಮರಗಳ ನೆರಳು, ಬೆಂಚು, ಗಾಳಿ. ಆ ಜಗಲಿಯಿಂದ ನದಿ ದಂಡೆಯ ಮಾಟ್ಟೆ ಬಡಾವಣೆಗೆ ಇಳಿಯಲು ಹಳೆಯ ಲಿಫ್ಟ್ ಕೂಡ ಇದೆ.

ಈಗ ನಮ್ಮ ವಿಷಯಕ್ಕೆ, ಅಂದರೆ ಹೂವಿಗೆ ಬರೋಣ. ಸಂಜೆ ರೋಸನ್‌ಗಾರ್ಟನ್‌ಗೆ ಹೋಗಿ. 200ಕ್ಕೂ ಹೆಚ್ಚು ತಳಿಯ ಗುಲಾಬಿ, ಸುಮಾರು ಅಷ್ಟೇ ತಳಿಯ ಐರಿಸ್. ಹಿಂದೆ ಅದು ಸ್ಮಶಾನವಾಗಿತ್ತು, 1913ರಿಂದ ಸಾರ್ವಜನಿಕ ಉದ್ಯಾನ. ಒಳಗೆ ಹೋಗಲು ಟಿಕೆಟ್ ಇಲ್ಲ. ಜೂನ್ ಅಂದರೆ ಗುಲಾಬಿಗೆ ಸರಿಯಾದ ಕಾಲ, ನೀವು ಅದೃಷ್ಟವಂತರು. ಅಲ್ಲಿಂದ ನೋಡಿದರೆ ನದಿ ಕುದುರೆ ಲಾಳದ ಹಾಗೆ ತಿರುಗಿ ಇಡೀ ಹಳೆ ಊರನ್ನು ಸುತ್ತುವರಿದಿರುವುದು ಒಂದೇ ನೋಟಕ್ಕೆ ಕಾಣುತ್ತದೆ. ಆ ವಾರ ಸೂರ್ಯ ಮುಳುಗುವುದು ರಾತ್ರಿ 9 ದಾಟಿದ ಮೇಲೆ, ಹಾಗಾಗಿ ಏಳು ಗಂಟೆಗೆ ಹೋದರೂ ಒಳ್ಳೆಯ ಬೆಳಕು.

ಇಲ್ಲಿ ಒಂದು ಎಚ್ಚರಿಕೆ. ಎಲ್ಲರೂ ಹಳೆ ಊರಿನಿಂದ ನಡೆದು ಹತ್ತಿ, ನಡೆದೇ ಇಳಿಯಿರಿ ಅನ್ನುತ್ತಾರೆ. ನಾವು ಬಸ್ಸಲ್ಲಿ ಹತ್ತಿ, ಇಳಿಜಾರು ತಾನೇ ಅಂತ ನಡೆದು ಇಳಿದೆವು. ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ ಅಂತ ಅವತ್ತು ಗೊತ್ತಾಯಿತು. ಮರುದಿನ ಅಮ್ಮ ಮಧ್ಯಾಹ್ನದವರೆಗೆ ರೂಮು ಬಿಟ್ಟು ಏಳಲಿಲ್ಲ. ನೀವು ಎರಡೂ ಕಡೆ ಬಸ್ಸಲ್ಲೇ ಹೋಗಿ. ಸ್ಟೇಷನ್‌ನಿಂದ ಓಸ್ಟರ್‌ಮುಂಡಿಗನ್ ಕಡೆಯ 10ನೇ ನಂಬರ್ ಬಸ್, ಸ್ಟಾಪಿನ ಹೆಸರೂ ರೋಸನ್‌ಗಾರ್ಟನ್ನೇ. ಕೆಳಗಿನ ಕರಡಿ ಪಾರ್ಕಿಗೆ 12ನೇ ನಂಬರ್ ಬಸ್ ಹಳೆ ಊರಿನ ಮಧ್ಯದಿಂದಲೇ ಬರುತ್ತದೆ. ನದಿ ದಂಡೆಯ ಇಳಿಜಾರಿನಲ್ಲಿ ಕರಡಿಗಳಿಗೆ ಜಾಗ ಬಿಟ್ಟಿದ್ದಾರೆ. 2009ಕ್ಕೆ ಮುಂಚೆ ಅವು ಇಕ್ಕಟ್ಟಾದ ಗುಂಡಿಯಲ್ಲಿದ್ದವು. ಅಲ್ಲೂ ಕೆಳಗಿಳಿಯಲು ಲಿಫ್ಟ್ ಇದೆ.

ಊರಿನ ಕಿಟಕಿಗಳಲ್ಲಿ ಕೆಂಪು ಜೆರೇನಿಯಂ ನೋಡುತ್ತೀರಿ. ನಾವು ಜೆರೇನಿಯಂ ಅಂದರೂ ಅದು ಪೆಲಾರ್ಗೋನಿಯಂ, ಮೂಲ ದಕ್ಷಿಣ ಆಫ್ರಿಕಾ. ಅಲ್ಲಿಯ ಚಳಿಗೆ ಹೊರಗಿಟ್ಟರೆ ಸಾಯುತ್ತದೆ. ಮೇ ಮಧ್ಯದಲ್ಲಿ ಐಸ್‌ಹೈಲಿಗೆ ಅಂತ ಕೆಲವು ದಿನಗಳಿವೆ, ಕೊನೆಯ ಮಂಜು ಬೀಳುವ ದಿನಗಳು ಅಂತ ರೈತರ ನಂಬಿಕೆ. ಅದು ಕಳೆದ ಮೇಲೆಯೇ ಕುಂಡ ಹೊರಗಿಡುತ್ತಾರೆ. ನಮಗೆ ಜೆರೇನಿಯಂ ಬುಡ ಕೊಳೆಯುವುದು ಮಳೆಗಾಲದಲ್ಲಿ, ಅವರಿಗೆ ಶತ್ರು ಚಳಿ. ಆ ಕಿಟಕಿ ಡಬ್ಬಗಳನ್ನು ಹತ್ತಿರದಿಂದ ನೋಡಿ. ನೀರು ಹೇಗೆ ಬಸಿಯುತ್ತದೆ ಅನ್ನುವುದನ್ನು ಗಮನಿಸಿ, ನಮ್ಮ ತಾರಸಿಗೂ ಉಪಯೋಗ.

ಭಾನುವಾರ ಬೆಳಗ್ಗೆ ವಿಶ್ವವಿದ್ಯಾಲಯದ ಸಸ್ಯೋದ್ಯಾನ. ಸ್ಟೇಷನ್‌ನಿಂದ ಲೋರೈನ್ ಸೇತುವೆ ದಾಟಿದರೆ ಹತ್ತು ನಿಮಿಷ, ಅದೂ ಉಚಿತ. 1859ರಲ್ಲಿ ಶುರುವಾದದ್ದು. ಆಲ್ಪ್ಸ್ ಗಿಡಗಳನ್ನು ಬಂಡೆಗಳ ಸಂದಿಯಲ್ಲಿ ಬೆಳೆಸಿದ್ದಾರೆ, ಬೇರೆ ಗಾಜಿನ ಮನೆಗಳೂ ಇವೆ. ಜಾಗ ನದಿಯ ಕಡೆ ಇಳಿಜಾರು, ಆದ್ದರಿಂದ ಅತ್ತೆಯವರ ಜೊತೆ ಮೇಲಿನ ಭಾಗ ಮಾತ್ರ ನೋಡಿ.

ಯಾರೋ ನಿಮಗೆ ಶೀನಿಗೆ ಪ್ಲಾಟ್ಟೆಯ ಆಲ್ಪೈನ್ ತೋಟ ಹೇಳಿದ್ದಾರೆ. ಇಂಟರ್‌ಲಾಕನ್ ಮೇಲಿನ ಸುಮಾರು 2000 ಮೀಟರ್ ಎತ್ತರದ ಜಾಗ, 1893ರ ಹಲ್ಲುಗಾಲಿ ರೈಲಿನಲ್ಲಿ ಹೋಗಬೇಕು. ಬಹಳ ಚೆಂದದ ತೋಟ, ಆದರೆ ನಿಮ್ಮ ತಾರೀಖಿಗೆ ಅಲ್ಲ. ಅಲ್ಲಿ ಹಿಮ ಕರಗಿ ಹೂವು ಬರುವುದು ಜೂನ್ ಮಧ್ಯದ ನಂತರ. ಬದಲಿಗೆ ಮಧ್ಯಾಹ್ನ ಗುರ್ಟನ್‌ಗೆ ಹೋಗಿ. 9ನೇ ನಂಬರ್ ಟ್ರಾಮ್, ಆಮೇಲೆ ಕೆಂಪು ಹಗ್ಗದ ರೈಲು ಐದೇ ನಿಮಿಷ. ಮೇಲೆ ಹುಲ್ಲುಗಾವಲು, ಹೋಟೆಲು, ಮೋಡ ಇಲ್ಲದಿದ್ದರೆ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಸಾಲಾಗಿ. ಮಳೆ ಹಿಡಿದುಕೊಂಡರೆ ಮಾತ್ರ ಗುರ್ಟನ್ ಬಿಟ್ಟು 12ನೇ ಬಸ್ಸಿನಲ್ಲಿ ಕಲಾವಿದ ಪಾಲ್ ಕ್ಲೇ ಹೆಸರಿನ ಚಿತ್ರಶಾಲೆಗೆ ಹೋಗಿ.

ನದಿಯ ಬಗ್ಗೆ ಒಂದು ಮಾತು. ನೀರು ತಿಳಿ ಹಸಿರು ನೀಲಿ, ಹಿಮನದಿ ಅರೆದ ಕಲ್ಲಿನ ಪುಡಿಯಿಂದ ಬಂದ ಬಣ್ಣ. ಸ್ಥಳೀಯರು ಬೇಸಿಗೆಯಲ್ಲಿ ಅದರಲ್ಲಿ ತೇಲಿಕೊಂಡು ಹೋಗುವುದನ್ನು ನೋಡಿ ಮಕ್ಕಳಿಗೆ ಆಸೆಯಾಗುತ್ತದೆ. ಬೇಡ. ಸೆಳೆತ ಜೋರು, ಜೂನ್‌ನಲ್ಲಿ ನೀರು ಕೊರೆಯುತ್ತದೆ. ಚೆನ್ನಾಗಿ ಈಜು ಬಲ್ಲವರೂ ಪ್ರಾಣ ಕಳೆದುಕೊಂಡಿದ್ದಾರೆ. ದಂಡೆಯಲ್ಲಿ ಕೂರಿ, ಸಾಕು.

ಊಟದ್ದು ಅಷ್ಟೇನೂ ಕಷ್ಟ ಇಲ್ಲ. ಟಿಬಿಟ್ಸ್ ಅಂತ ಸಸ್ಯಾಹಾರಿ ಹೋಟೆಲ್ ಇದೆ, ತಟ್ಟೆಯನ್ನು ತೂಕ ಮಾಡಿ ದುಡ್ಡು ತಗೊಳ್ಳುತ್ತಾರೆ. ರೋಸ್ಟಿ ಅಂದರೆ ಆಲೂಗಡ್ಡೆ ತುರಿದು ಹುರಿದದ್ದು, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಆದರೆ ಬರ್ನ್ ಶೈಲಿಯದಕ್ಕೆ ಹಂದಿ ಮಾಂಸದ ಚೂರು ಹಾಕುತ್ತಾರೆ, ಕೇಳಿಯೇ ತಗೊಳ್ಳಿ. ಅತ್ತೆ ಕಟ್ಟುನಿಟ್ಟಿನವರಾದರೆ ಇನ್ನೊಂದು ವಿಷಯ: ಎಮೆಂಟಾಲ್‌ನಂಥ ಅಲ್ಲಿಯ ಸಾಂಪ್ರದಾಯಿಕ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಮಿಗ್ರೊ, ಕೋಪ್ ಅಂಗಡಿಗಳಲ್ಲಿ ಸಪ್ಪೆ ಮೊಸರು, ಬೇಯಿಸಿದ ಅನ್ನದ ಪೊಟ್ಟಣ ಸಿಗುತ್ತವೆ. ಉಪ್ಪಿನಕಾಯಿ ಜೊತೆಗಿದ್ದರೆ ರಾತ್ರಿಯ ಮೊಸರನ್ನ ಆಯಿತು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಸ್ಟೇಷನ್ ಒಳಗಿನವು ತೆರೆದಿರುತ್ತವೆ. ಬೇಕಾದ್ದನ್ನು ಶನಿವಾರವೇ ತಂದಿಡಿ. ಕುಡಿಯುವ ನೀರು ಕೊಳ್ಳಬೇಡಿ, ಬೀದಿಯ ಕಾರಂಜಿ ನೀರೇ ಕುಡಿಯಲು ಚೆನ್ನಾಗಿದೆ. ಬಾಟಲಿ ಒಯ್ಯಿರಿ.

ಪ್ಲಗ್ ವಿಷಯ ಮರೆಯಬೇಡಿ. ಯೂರೋಪ್ ಅಡಾಪ್ಟರ್ ಅಂತ ಇಲ್ಲಿ ಕೊಡುವ ದಪ್ಪ ಗುಂಡನೆಯದು ಸ್ವಿಸ್ ಸಾಕೆಟ್ಟಿನ ಗುಳಿಯೊಳಗೆ ಇಳಿಯುವುದೇ ಇಲ್ಲ. ನಾನು ತಂದದ್ದು ಅದೇ. ಮೊದಲ ರಾತ್ರಿ ಫೋನ್ ಚಾರ್ಜ್ ಇಲ್ಲದೆ ಬೆಳಗ್ಗೆ ಆ್ಯಪ್‌ನಲ್ಲಿದ್ದ ಟಿಕೆಟ್ ತೋರಿಸುವುದು ಹೇಗೆ ಅಂತ ಗಾಬರಿಯಾಯಿತು. ಚಪ್ಪಟೆ ಎರಡು ಕಡ್ಡಿಯದು ಕೂರುತ್ತದೆ.

ವೀಸಾ ಇನ್ನೂ ಮಾಡಿಸದವರು ಓದುತ್ತಿದ್ದರೆ: ಷೆಂಗೆನ್ ವೀಸಾ, ಬೆಂಗಳೂರಿನ ವಿಎಫ್‌ಎಸ್ ವೀಸಾ ಅರ್ಜಿ ಕೇಂದ್ರದಲ್ಲೇ ಅರ್ಜಿ ಕೊಡಬಹುದು. ಆರು ತಿಂಗಳು ಮುಂಚಿನಿಂದ ತೆಗೆದುಕೊಳ್ಳುತ್ತಾರೆ, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಬೇಸಿಗೆ ರಜೆಯಲ್ಲಿ ಸ್ಲಾಟ್ ಸಿಗುವುದು ಕಷ್ಟ.

ಕೊನೆಗೆ, ನಮ್ಮ ಗುಂಪಿನವರು ಎಲ್ಲರೂ ಎಡವುವ ಜಾಗ. ಮಗಳಿಗೆ ಅಂತ ಕರಿಬೇವು, ಹಸಿಮೆಣಸಿನಕಾಯಿ, ಬಿತ್ತನೆ ಬೀಜ ಕಟ್ಟಿಕೊಳ್ಳಬೇಡಿ. ಯೂರೋಪಿನ ಹೊರಗಿನಿಂದ ಬರುವ ಹಸಿ ಸೊಪ್ಪು, ತರಕಾರಿ, ಹಣ್ಣು, ಬೀಜಕ್ಕೆ ಸಸ್ಯ ಆರೋಗ್ಯ ಪತ್ರ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರ, ಡುರಿಯನ್ ಐದಕ್ಕೆ ಮಾತ್ರ ವಿನಾಯಿತಿ. ಹಾಲಿನ ಪದಾರ್ಥವೂ ಬೇಡ, ತುಪ್ಪ ಅಲ್ಲೇ ಬೆಣ್ಣೆ ಕಾಯಿಸಿ ಮಾಡಿಕೊಳ್ಳಲಿ. ಒಣ ಸಾಂಬಾರ ಪುಡಿ ಒಯ್ಯಬಹುದು. ವಾಪಸ್ ಬರುವಾಗಲೂ ಹಾಗೇ. ಎಷ್ಟೇ ಆಸೆಯಾದರೂ ಗುಲಾಬಿ ಕಡ್ಡಿ, ಗಡ್ಡೆ, ಬೀಜ ಬ್ಯಾಗಿಗೆ ಹಾಕಬೇಡಿ, ನಮ್ಮ ಕ್ವಾರಂಟೈನ್ ನಿಯಮದಲ್ಲಿ ಅನುಮತಿ ಪತ್ರ ಇಲ್ಲದೆ ತರುವ ಹಾಗಿಲ್ಲ. ಒಂದು ರೋಗ ಬಂದರೆ ಊರಿನವರ ತೋಟಕ್ಕೆಲ್ಲ ಹರಡುತ್ತದೆ, ಅಲ್ವಾ.

ಬದಲಿಗೆ ರೋಸನ್‌ಗಾರ್ಟನ್‌ನಲ್ಲಿ ಇಷ್ಟವಾದ ಪ್ರತಿ ಗಿಡದ ಎರಡು ಫೋಟೊ ತೆಗೆಯಿರಿ, ಒಂದು ಹೂವಿನದು, ಇನ್ನೊಂದು ಬುಡದಲ್ಲಿರುವ ಹೆಸರಿನ ಫಲಕದ್ದು. ಹೆಸರು ಗೊತ್ತಾದರೆ ಆ ತಳಿ ನಮ್ಮ ನರ್ಸರಿಗಳಲ್ಲಿ ಇದೆಯಾ ಅಂತ ಇಲ್ಲೇ ಎಲ್ಲರೂ ಸೇರಿ ಹುಡುಕೋಣ. ನಾನು ಅವತ್ತು ಬರೀ ಹೂವಿನ ಫೋಟೊ ತೆಗೆದು ಬಂದೆ. ಏಪ್ರಿಕಾಟ್ ಬಣ್ಣದ ಒಂದು ಬಳ್ಳಿ ಗುಲಾಬಿ ಯಾವುದು ಅಂತ ಇವತ್ತಿಗೂ ಗೊತ್ತಾಗಿಲ್ಲ. ಕಣ್ಣಿಗೆ ಬಿದ್ದರೆ ಅದರ ಫಲಕವನ್ನೂ ನನಗೋಸ್ಕರ ಕ್ಲಿಕ್ಕಿಸಿ ತನ್ನಿ ಅಕ್ಕಾ.