ತಪ್ಪು ಕಲ್ಲಿನದಲ್ಲ ಸ್ವಾಮಿ

ಬನಶಂಕರಿಯ ಓದುಗರೊಬ್ಬರ ಪತ್ರ: ಡಿಸೆಂಬರ್ ಚಳಿಗೆಂದು ತಾರಸಿಯಲ್ಲಿ, ಅಡುಗೆಕಟ್ಟೆಗೆ ಹಾಕಿ ಮಿಕ್ಕ ಗ್ರಾನೈಟ್ ಹಾಸಿ, ಸುತ್ತ ಇಟ್ಟಿಗೆ ಜೋಡಿಸಿ ‘ಫೈರ್ ಪಿಟ್’ ಮಾಡಿದರಂತೆ. ಅರ್ಧ ಗಂಟೆಗೆ ಕಲ್ಲು ಟಪ್ಪೆಂದು ಸೀಳಿ, ಒಂದು ಚಕ್ಕೆ ಮಗಳ ಚಪ್ಪಲಿಯ ಹತ್ತಿರ ಬಿತ್ತು. ‘ಅಂಗಡಿಯವರು ಕಳಪೆ ಕಲ್ಲು ಕೊಟ್ಟರೇ? ಇದೆಲ್ಲ ಫಾರಿನ್ ಶೋಕಿ ಎಂದು ನಮ್ಮ ಮಾವನವರು ಬೈಯುತ್ತಾರೆ, ನಿಜವೇ? ಯಾವ ಬಗೆಯದು ಒಳ್ಳೆಯದು?’

ಅಂಗಡಿಯವರನ್ನು ಬಿಟ್ಟುಬಿಡಿ. ಎಷ್ಟೇ ಒಳ್ಳೆಯ ಗ್ರಾನೈಟ್ ಆದರೂ ಬೆಂಕಿಗೆ ಆಗಿಬರುವುದಿಲ್ಲ. ಬೆಂಗಳೂರಿನ ಕಲ್ಲುಕುಟಿಗರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಂಡೆಯಿಂದ ಚಪ್ಪಡಿ ಎಬ್ಬಿಸುತ್ತಿದ್ದುದೇ ಬೆಂಕಿಯಿಂದ. 1890ರ ದಶಕದಲ್ಲಿ ಇದನ್ನು ನೋಡಿ ಬರೆದಿಟ್ಟ ವಿವರವೊಂದಿದೆ. ಬಂಡೆಯ ಮೇಲೆ 7 ಅಡಿಯಷ್ಟು ಉದ್ದಕ್ಕೆ ಒಣ ಸೌದೆ ಸಾಲಾಗಿ ಹೊತ್ತಿಸುವುದು. ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು. ಸದ್ದು ಕೇಳಿ ಪದರ ಬಿಟ್ಟಿದೆ ಎಂದು ತಿಳಿದ ಮೇಲೆ ಕೊಳ್ಳಿಗಳನ್ನು ಕೆಲವೇ ಅಂಗುಲ ಮುಂದಕ್ಕೆ ತಳ್ಳಿ, ಮತ್ತೆ ಕಾಯುವುದು. ಸಾಲು ಬೆಳೆಯುತ್ತ ಬಿಲ್ಲಿನಂತೆ ಬಾಗಿ 25 ಅಡಿಯಾಗುತ್ತಿತ್ತು. ಎಂಟು ಗಂಟೆಯ ಕೊನೆಗೆ 740 ಚದರ ಅಡಿಯ ಒಂದೇ ಹಾಸು, ದಪ್ಪ ಸುಮಾರು 5 ಅಂಗುಲ! ಲೆಕ್ಕ ಹಾಕಿದರೆ ಒಂದು ಪೌಂಡ್ ಸೌದೆಗೆ 30 ಪೌಂಡ್ ಕಲ್ಲು.

ಕಾದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ನಡುವೆ ಸೀಳು ಬೀಳುತ್ತದೆ. ಗ್ರಾನೈಟಿನಲ್ಲಿರುವ ಬೆಣಚಂತೂ (ಕ್ವಾರ್ಟ್ಸ್) 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹರಳಿನ ರಚನೆಯನ್ನೇ ಬದಲಿಸಿಕೊಂಡು ಉಬ್ಬುತ್ತದೆ. ನೀವು ತಾರಸಿಯಲ್ಲಿ ಮಾಡಿದ್ದೂ ಅದೇ ಕಸುಬು, ಗೊತ್ತಿಲ್ಲದೆ ಅಷ್ಟೆ. ಚೆಂದಕ್ಕೆಂದು ಹೊಳೆಯ ದುಂಡುಕಲ್ಲು ಇಡುವ ಯೋಚನೆಯಿದ್ದರೆ ಅದನ್ನೂ ಬಿಡಿ. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಮಾವನವರ ಮಾತು ಅರ್ಧ ಸರಿ. ಹೆಸರು ಹೊರಗಿನದು, ಗುಂಡಿ ನಮ್ಮದೇ. ವೈದಿಕರ ಮೂರು ಯಜ್ಞಕುಂಡಗಳಲ್ಲಿ ಗಾರ್ಹಪತ್ಯ ದುಂಡಗೆ, ಆಹವನೀಯ ಚೌಕ, ದಕ್ಷಿಣಾಗ್ನಿ ಅರ್ಧಚಂದ್ರ. ಆಕಾರ ಬೇರೆಯಾದರೂ ಮೂರರ ವಿಸ್ತೀರ್ಣ ಒಂದೇ ಇರಬೇಕು. ಯಜ್ಞವೇದಿಗಳ ಅಳತೆ ಹೇಳುವ ಹಳೆಯ ಗ್ರಂಥಗಳಾದ ಶುಲ್ಬಸೂತ್ರಗಳನ್ನು ಬರೆದವರು ಹಗ್ಗ ಹಿಡಿದು ಚೌಕವನ್ನು ವೃತ್ತವಾಗಿಸಲು ಹೆಣಗಿದ್ದು ಇದಕ್ಕೇ. ಆ ಕುಂಡವೇ ಜನರ ಬಾಯಲ್ಲಿ ಕೊಂಡವಾಯಿತು. ಮಂಡ್ಯ, ಮೈಸೂರಿನ ಕಡೆ ಹಬ್ಬದಲ್ಲಿ ಇಂದಿಗೂ ಕೊಂಡ ಹಾಯುತ್ತಾರಲ್ಲ! ಇವು ಚಳಿಗೆಂದು ಮಾಡಿದವಲ್ಲ, ಒಪ್ಪಿದೆ. ಚಳಿಗೆ ಅಗ್ಗಿಷ್ಟಿಕೆಯಿತ್ತು; ಕಾಶ್ಮೀರದವರು ಬುಟ್ಟಿಯೊಳಗಿನ ಮಣ್ಣಿನ ಕುಡಿಕೆಗೆ ಕೆಂಡ ತುಂಬಿ, ಕಾಂಗ್ಡಿಯೆಂದು ಫಿರನ್ ಎಂಬ ಸಡಿಲ ನಿಲುವಂಗಿಯ ಒಳಗೇ ಇಟ್ಟುಕೊಳ್ಳುತ್ತಾರೆ. ನ್ಯೂಜಿಲೆಂಡಿನ ಮಾವೊರಿ ಜನ ಗುಂಡಿಯಲ್ಲಿ ಕಾಯಿಸಿದ ಕಲ್ಲಿನ ಮೇಲೆ ಮಾಂಸ, ಗೆಣಸು ಇಟ್ಟು ಮಣ್ಣು ಮುಚ್ಚಿ ಬೇಯಿಸುತ್ತಾರೆ.

ನನಗೆ ಹಿಡಿಸಿದ್ದು ಅಮೆರಿಕದ ಡಕೋಟಾ ಗುಂಡಿ. ಪಕ್ಕಪಕ್ಕದಲ್ಲಿ ಎರಡು ಗುಂಡಿ, ತಳದಲ್ಲಿ ಸುರಂಗ. ಒಂದರಲ್ಲಿ ಬೆಂಕಿ, ಇನ್ನೊಂದರಿಂದ ಗಾಳಿ ಎಳೆದುಕೊಂಡು ಸೌದೆ ಚೆನ್ನಾಗಿ ಉರಿಯುವುದರಿಂದ ಹೊಗೆ ಕಡಿಮೆ. ಈಗ ಹೊಗೆಯಿಲ್ಲದ್ದೆಂದು ಮಾರುವ ಜೋಡಿಗೋಡೆಯ ಸ್ಟೀಲ್ ಪಾತ್ರೆಗಳ ಗುಟ್ಟೂ ಗಾಳಿಯೇ.

ತಾರಸಿಯಲ್ಲಿ ಗುಂಡಿ ತೋಡಲಾಗದು, ಬರೀ ಕಾಂಕ್ರೀಟಿನ ಮೇಲೆ ಬೆಂಕಿಯಂತೂ ಬೇಡವೇ ಬೇಡ. ವಾಟರ್‌ಪ್ರೂಫಿಂಗ್ ಹೋದರೆ ಮಳೆಗಾಲದಲ್ಲಿ ನೆನಪಾಗುತ್ತದೆ. ಎಥನಾಲಿನದು ನೋಡಲು ಚೆಂದ, ಆದರೆ ಉರಿ ಕಣ್ಣಿಗೆ ಸರಿಯಾಗಿ ಕಾಣದೆ ಮತ್ತೆ ಸುರಿಯಲು ಹೋಗಿ ಕೈ ಸುಟ್ಟುಕೊಂಡವರಿದ್ದಾರೆ. ನಮ್ಮ ರಸ್ತೆಯಲ್ಲಿ ಮನೆ ಕಟ್ಟುತ್ತಿರುವಲ್ಲಿನ ವಾಚ್‌ಮನ್ ಗಾರೆ ಹೊರುವ ಹಳೆಯ ಬಾಂಡ್ಲಿಗೆ ನಾಲ್ಕು ತೂತು ಹೊಡೆದು, ಮೂರು ಇಟ್ಟಿಗೆ ಮೇಲೆ ಕೂರಿಸಿ ಚಳಿ ಕಾಯಿಸುತ್ತಾರೆ. ಕೆಳಗೆ ಗಾಳಿಯಾಡುತ್ತದೆ, ನೆಲ ಸುಡುವುದಿಲ್ಲ. ನೀವೂ ಹಾಗೇ ಮಾಡಿ. ಇಟ್ಟಿಗೆಗಳ ಕೆಳಗೆ ಇನ್ನೊಂದು ಸಾಲು ಇಟ್ಟಿಗೆ ಹಾಸಿ, ಮೇಲೆ ಮರಳು ಹರಡಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ. ಸೌದೆ ಒಣಗಿರಲಿ. ಒಣ ಎಲೆ, ಕಸ ಹಾಕಬೇಡಿ: ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಅಂದಹಾಗೆ ನಮ್ಮೂರಿನ ಚಳಿಯ ದಾಖಲೆ 1884ರ ಜನವರಿ 13ರ 7.8 ಡಿಗ್ರಿ. ಈಗಿನ ಡಿಸೆಂಬರಿಗೆ ಇಷ್ಟೆಲ್ಲ ಬೇಕೇ ಎಂದು ಕೇಳಿದರೆ ನಾನು ಮಾವನವರ ಕಡೆ.

ಸೀಳಿದ ಕಲ್ಲನ್ನು ಎಸೆಯುವ ಮೊದಲು ಮಗಳ ಕೈಗೆ ಸಣ್ಣ ಸುತ್ತಿಗೆ ಕೊಟ್ಟು ತಟ್ಟಿಸಿ. ಗಟ್ಟಿ ಕಡೆ ಠಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ಡಬಡಬ. ಕುಟಿಗರು ಬೆಂಕಿಯ ಮುಂದೆ ಎಂಟು ಗಂಟೆ ಕಿವಿಗೊಟ್ಟು ಕೂತಿದ್ದುದು ಆ ಸದ್ದಿಗೆ.

ಸಂ.