ಬಳ್ಳಾರಿಯಂಥ ಊರಲ್ಲಿ ಬಡಾವಣೆ ಸರಿಯಾಗಿ ಮಾಡಿದರೆ ಕಾರು, ಹೊಗೆ ಕಡಿಮೆ ಆಗುತ್ತಾ?

ಆಗುತ್ತೆ. ಇದೆಲ್ಲ ಮೆಟ್ರೊ ಇರುವ ಊರಿಗೆ ಮಾತ್ರ ಅಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬಳ್ಳಾರಿಯಲ್ಲೇ ಸುಲಭ, ಊರು ಇನ್ನೂ ಅಷ್ಟು ಹರಡಿಲ್ಲ.

ಬ್ರೂಸ್‌ಪೇಟೆ, ಕೌಲ್‌ಬಜಾರ್ ಕಡೆ ನೋಡಿ. ಕೆಳಗೆ ಅಂಗಡಿ, ಮೇಲೆ ಮನೆ. ಹಾಲು, ತರಕಾರಿ, ಮಾತ್ರೆ, ಟೈಲರ್ ಎಲ್ಲ ನಾಲ್ಕು ಹೆಜ್ಜೆಯಲ್ಲಿ. ಊರಾಚೆಯ ಹೊಸ ಲೇಔಟ್‌ಗಳಲ್ಲಿ ಹೊಲ ಎನ್‌ಎ (ಕೃಷಿಯೇತರ ಜಾಗ) ಆಗಿ, ಸೈಟು ಮಾರಾಟವಾಗಿ, ಮನೆಗಳೂ ಎದ್ದಿವೆ, ಆದರೆ ಶಾಲೆ, ಆಸ್ಪತ್ರೆಗೆ ಅಂತ ಬಿಟ್ಟ ಸಿಎ (ನಾಗರಿಕ ಸೌಲಭ್ಯ) ಸೈಟಿನಲ್ಲಿ ಜಾಲಿ ಬೆಳೆದಿದೆ. ಕೊತ್ತಂಬರಿ ಕಟ್ಟಿಗೂ ಗಾಡಿ ತೆಗೀಬೇಕು.

ನಾನಿರುವ ಕಡೆ ಇನ್ನೊಂದು ಗೋಳು. ಪಕ್ಕದ ಲೇಔಟ್‌ನ ಶಾಲೆಯ ಧ್ವಜಕಂಬ ನಮ್ಮ ಮಾಳಿಗೆ ಮೇಲಿಂದ ಕಾಣುತ್ತೆ. ನಡುವೆ ಕಾಂಪೌಂಡ್ ಗೋಡೆ, ರಸ್ತೆಗೆ ರಸ್ತೆ ಸೇರಿಸಿಲ್ಲ. ಹಾಗಾಗಿ ಮಕ್ಕಳನ್ನು ಮೇನ್ ರೋಡ್ ಸುತ್ತಿಸಿ, ಲಾರಿಗಳ ಮಧ್ಯೆ ಬೈಕಲ್ಲೋ ಕಾರಲ್ಲೋ ಬಿಟ್ಟುಬರಬೇಕು. ನಕ್ಷೆ ಮಂಜೂರು ಮಾಡುವಾಗಲೇ ಈ ರಸ್ತೆ ಆ ರಸ್ತೆಗೆ ಕೂಡಲೇಬೇಕು ಅಂದಿದ್ದರೆ ಸಾಕಿತ್ತು. ಗೋಡೆ ಎದ್ದ ಮೇಲೆ ಒಡೆಸೋದು ಬಹಳ ಕಷ್ಟ.

ಇಷ್ಟು ಚಿಕ್ಕ ಓಡಾಟಕ್ಕೆ ಎಷ್ಟು ಹೊಗೆ ಬಂದೀತು ಅನ್ನಬೇಡಿ. ಪೆಟ್ರೋಲ್ ಕಾರಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದ ಮೇಲೇ ಕೆಲಸ ಮಾಡೋದು, ಅದು ಕಾಯುವಷ್ಟರಲ್ಲಿ ಶಾಲೆ ಬಂದಿರುತ್ತೆ. ಅಂದ್ರೆ ಕಿಲೋಮೀಟರ್ ಲೆಕ್ಕದಲ್ಲಿ ಈ ಚಿಕ್ಕ ಓಡಾಟವೇ ಜಾಸ್ತಿ ಕೊಳಕು.

ಬ್ರೆಜಿಲ್‌ನ ಕುರಿಟಿಬಾದಲ್ಲಿ 1974ರಲ್ಲೇ ಬಸ್ಸಿಗೆ ಮಾತ್ರ ಅಂತ ಬೇರೆ ದಾರಿ ಮಾಡಿ, ಆ ದಾರಿಯ ಅಕ್ಕಪಕ್ಕ ಎತ್ತರದ ಕಟ್ಟಡಗಳಿಗೆ ಅವಕಾಶ ಕೊಟ್ಟರು. ಜನ ಇರುವಲ್ಲಿ ಬಸ್ಸು, ಬಸ್ಸು ಇರುವಲ್ಲಿ ಜನ. ಹೊಸಪೇಟೆ ರಸ್ತೆ, ಸಿರುಗುಪ್ಪ ರಸ್ತೆಯಲ್ಲಿ ಬಸ್ಸುಗಳು ಓಡುತ್ತಲೇ ಇವೆ, ಹೊಸ ಮನೆಗಳು ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಬಂದರೆ ಆಯ್ತು.

ಅದಿರು ಲಾರಿಯ ಧೂಳು, ಕಾರ್ಖಾನೆ ಹೊಗೆ ಇದರಿಂದ ನಿಲ್ಲಲ್ಲ, ಅದು ಬೇರೆ ಹೋರಾಟ. ಆದರೆ ಲಾರಿ ಓಡುವ ರಸ್ತೆಗೆ ಅಂಟಿಕೊಂಡು ಶಾಲೆ ಕಟ್ಟದ ಹಾಗೆ ನೋಡಿಕೊಳ್ಳುವುದೂ ಯೋಜನೆಯ ಕೆಲಸವೇ. ಬೇವು, ಹೊಂಗೆ ಸಾಲು ಕೂಡ ಬೇಕು, ನಮ್ಮ ಮೇ ತಿಂಗಳ ಬಿಸಿಲಲ್ಲಿ ನೆರಳಿಲ್ಲದೆ ಯಾರು ನಡೀತಾರೆ ಹೇಳಿ?

ಯಾವ ಜಾಗ ವಸತಿಗೆ, ಯಾವುದು ವಾಣಿಜ್ಯಕ್ಕೆ ಅನ್ನೋದು 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಡಿ ಬರುವ ಮಹಾಯೋಜನೆಯಲ್ಲಿ ತೀರ್ಮಾನವಾಗುತ್ತೆ. ಅದು ಅಂತಿಮವಾಗುವ ಮೊದಲು ಜನರ ಆಕ್ಷೇಪಣೆ ಕೇಳುತ್ತಾರೆ. ಆಗ ನಿಮ್ಮ ಬಡಾವಣೆಯ ಸರ್ವೆ ನಂಬರು ಹುಡುಕಿ, ಪಕ್ಕದ ಲೇಔಟ್‌ಗೆ ದಾರಿ ತೋರಿಸಿದ್ದಾರಾ ನೋಡಿ. ಇಲ್ಲದಿದ್ದರೆ ನೆರೆಹೊರೆಯವರ ಸಹಿ ಹಾಕಿಸಿ ಬರೆದು ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳೋದು ಮರೀಬೇಡಿ.