ಪೀಠಿಕೆಯ ‘ಸ್ಥಾನಮಾನ’ ಮತ್ತು ಮಗಳ ಸಂಗಾತಿ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಂವಿಧಾನ ಪೀಠಿಕೆಯ ಸಾಮೂಹಿಕ ವಾಚನ ನಡೆದಾಗ ನಮ್ಮೂರ ಶಾಲೆಯ ಅಂಗಳದಲ್ಲಿ ಮಕ್ಕಳ ಜೊತೆ ನಿಂತು ನಾನೂ ಓದಿದ್ದೆ. ನನ್ನ ಮಗಳು ಎಂಟು ವರ್ಷಗಳಿಂದ ಬೆಂಗಳೂರಿನಲ್ಲಿ ತನ್ನ ಸಂಗಾತಿಯಾದ ಇನ್ನೊಬ್ಬ ಹೆಣ್ಣುಮಗಳೊಡನೆ ಬಾಳುತ್ತಿದ್ದಾಳೆ. ಕಳೆದ ವರ್ಷ ಮಗಳಿಗೆ ಶಸ್ತ್ರಚಿಕಿತ್ಸೆಯಾಗುವಾಗ ಆಸ್ಪತ್ರೆಯವರು ಆ ಹುಡುಗಿಯ ರುಜುವನ್ನು ಒಪ್ಪದೆ, ನಾವು ರಾತ್ರಿ ಬಸ್ಸಿನಲ್ಲಿ ಬಂದು ತಲುಪುವವರೆಗೆ ಕಾದರು. ‘ಸ್ಥಾನಮಾನ ಹಾಗೂ ಅವಕಾಶ ಸಮಾನತೆ’ ಎಂದು ಓದಿದ್ದು ಇವರಿಬ್ಬರಿಗೆ ಸಲ್ಲುವುದಿಲ್ಲವೆ? ತಾಯಿಯಾಗಿ ನಾನು ಮಾಡಬಹುದಾದದ್ದು ಏನಾದರೂ ಇದೆಯೆ?
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಸಲ್ಲಬೇಕು ಎಂಬುದು ನನ್ನ ದೃಢವಾದ ನಂಬಿಕೆ, ಇನ್ನೂ ಸಂದಿಲ್ಲ ಎಂಬುದು ಕಾನೂನಿನ ಇಂದಿನ ಸ್ಥಿತಿ. ನೀವು ಪೀಠಿಕೆ ಓದಿದ ಒಂದು ತಿಂಗಳಿಗೆ, ಅಕ್ಟೋಬರ್ 17ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಸಲಿಂಗ ವಿವಾಹದ ಅರ್ಜಿಗಳ ಮೇಲೆ ತೀರ್ಪು ನೀಡಿತು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ಸಲಿಂಗಿ ಜೋಡಿಗಳಿಗೂ ಅನ್ವಯಿಸುವಂತೆ ಓದಿಕೊಳ್ಳಲಾಗದು, ಅದು ಶಾಸಕಾಂಗದ ಕೆಲಸ ಎಂಬ ಮಾತಿನಲ್ಲಿ ಐವರೂ ಒಂದಾಗಿದ್ದರು. ಮದುವೆಯಲ್ಲದಿದ್ದರೂ ಇಂಥ ಸಹಬಾಳ್ವೆಗೆ ಸರ್ಕಾರ ಕಾನೂನಿನ ಮನ್ನಣೆ ಕೊಡಬೇಕೆಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾ. ಸಂಜಯ್ ಕಿಶನ್ ಕೌಲ್ ಹೇಳಿದರಾದರೂ ಉಳಿದ ಮೂವರು ಒಪ್ಪಲಿಲ್ಲ. ಪುನರ್‌ಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಆದರೆ ಬಹುಮತದ ತೀರ್ಪು ಬರೆದ ನ್ಯಾ. ಎಸ್. ರವೀಂದ್ರ ಭಟ್ ಅವರೇ, ಪಿಂಚಣಿ, ಭವಿಷ್ಯನಿಧಿಯಂಥ ಸೌಲಭ್ಯಗಳು ಮದುವೆಗೆ ಗಂಟುಬಿದ್ದಿರುವುದರಿಂದ ಈ ಜೋಡಿಗಳಿಗೆ ಅನ್ಯಾಯವಾಗುತ್ತಿದೆ ಎಂಬುದನ್ನು ಗುರುತಿಸಿದ್ದಾರೆ. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಪೀಠಿಕೆಯಲ್ಲಿ ಸ್ಥಾನಮಾನ ಮೊದಲು ಬರುತ್ತದೆ, ಅವಕಾಶ ಆಮೇಲೆ. ತರಗತಿಯಲ್ಲಿ ನಾವು ಅವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಸಿಬಿಡುತ್ತೇವೆ, ಆದರೆ ಆ ರಾತ್ರಿ ಆಸ್ಪತ್ರೆಯಲ್ಲಿ ನಿಮ್ಮ ಮಗಳ ಸಂಗಾತಿಗೆ ಇಲ್ಲದೆಹೋದದ್ದು ಮೊದಲನೆಯದು. ‘ಹೆಂಡತಿ’, ‘ಗಂಡ’ ಎಂಬ ಒಂದು ಪದ ಇದ್ದವರಿಗೆ ನೂರು ಬಾಗಿಲು ತಾವಾಗಿ ತೆರೆದುಕೊಳ್ಳುತ್ತವೆ. ಅದಿಲ್ಲದವರು ಒಂದೊಂದು ಬಾಗಿಲಿನ ಮುಂದೆಯೂ ನಿಂತು ತಾವು ಯಾರೆಂದು ವಿವರಿಸಬೇಕಾಗುತ್ತದೆ. 1860ರ ದಂಡಸಂಹಿತೆಯ 377ನೇ ಸೆಕ್ಷನ್ ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂಬ 2018ರ ಸೆಪ್ಟೆಂಬರ್ 6ರ ತೀರ್ಪು ನಿಮ್ಮ ಮಗಳನ್ನು ಅಪರಾಧದ ಭಯದಿಂದ ಬಿಡಿಸಿತು, ನಿಜ. ಅಪರಾಧಿಯಲ್ಲ ಎನ್ನಿಸಿಕೊಳ್ಳುವುದಕ್ಕೂ ಸಮಾನಳು ಎನ್ನಿಸಿಕೊಳ್ಳುವುದಕ್ಕೂ ನಡುವೆ ಬಹಳ ದೂರವಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ತೀರ್ಪಿನ ನಂತರ ಕೇಂದ್ರವು ಸಂಪುಟ ಕಾರ್ಯದರ್ಶಿಗಳ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದೆ. ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಪರಸ್ಪರರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು 2024ರ ಆಗಸ್ಟ್‌ನಲ್ಲಿ ಹಣಕಾಸು ಇಲಾಖೆ ಸ್ಪಷ್ಟಪಡಿಸಿತು. ಪಡಿತರ ಚೀಟಿಯಲ್ಲಿ ಇವರನ್ನು ಒಂದೇ ಕುಟುಂಬವೆಂದು ಪರಿಗಣಿಸಲು ರಾಜ್ಯಗಳಿಗೆ ಸೂಚನೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ತನ್ನ ಪ್ರತಿನಿಧಿಯಾಗಿ ತಾನು ನಂಬುವ ಯಾವುದೇ ವಯಸ್ಕರನ್ನು ಹೆಸರಿಸಲು ಅವಕಾಶ ಕೊಟ್ಟಿದೆ, ರಕ್ತಸಂಬಂಧವನ್ನು ಕೇಳುವುದಿಲ್ಲ. ಉಳಿದ ಚಿಕಿತ್ಸೆಗಳಿಗೂ ಇದೇ ನಿಯಮ ಬಂದಿದ್ದರೆ ನಿಮಗೆ ಆ ರಾತ್ರಿಯ ಪ್ರಯಾಣದ ಸಂಕಟ ಇರುತ್ತಿರಲಿಲ್ಲ.

ಆದರೆ ನಾಮಿನಿ ಎಂದರೆ ವಾರಸುದಾರ ಎಂದು ದಯವಿಟ್ಟು ತಿಳಿಯಬೇಡಿ. ಬ್ಯಾಂಕಿನ ಹಣವನ್ನು ನಾಮಿನಿ ಪಡೆಯುತ್ತಾರೆ, ಆದರೆ ಅದರ ಮೇಲಿನ ಹಕ್ಕು ಕಾನೂನಿನ ವಾರಸುದಾರರದು. ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮ್ಮ ಕುಟುಂಬಕ್ಕೆ ಅನ್ವಯಿಸುವುದಾದರೆ, ನಿಮ್ಮ ಮಗಳು ಕಾಗದದ ಮೇಲೆ ಅವಿವಾಹಿತೆ. ಮಕ್ಕಳಿಲ್ಲದೆ, ಉಯಿಲು ಬರೆಯದೆ ಅವಳಿಗೆ ಏನಾದರೂ ಆದರೆ ಅವಳ ಸ್ವಂತ ದುಡಿಮೆಯ ಆಸ್ತಿ ಬರುವುದು ತಂದೆ ತಾಯಿಗೆ. ಇಬ್ಬರೂ ಸೇರಿ ಕಂತು ಕಟ್ಟಿದ ಮನೆಯಿದ್ದು, ಪತ್ರ ಮಗಳ ಹೆಸರಿನಲ್ಲಿ ಮಾತ್ರ ಇದ್ದರೆ, ಎಂಟು ವರ್ಷ ಜೊತೆಗಿದ್ದವಳು ಅಲ್ಲಿ ಉಳಿಯಲು ನಿಮ್ಮ ಒಳ್ಳೆಯತನವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ನಿಮ್ಮ ಪತ್ರ ಓದಿದ ಮೇಲೆ ನಿಮ್ಮ ಒಳ್ಳೆಯತನದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಯಾರ ಬದುಕೂ ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಆದ್ದರಿಂದ ಇಬ್ಬರೂ ಬೇರೆಬೇರೆಯಾಗಿ ಉಯಿಲು ಬರೆಯಲಿ. ಎರಡು ಸಾಕ್ಷಿಗಳ ರುಜು ಕಡ್ಡಾಯ. ನೋಂದಣಿ ಕಡ್ಡಾಯವಲ್ಲದಿದ್ದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸುವುದು ಕ್ಷೇಮ. ನಿಮ್ಮ ಮಗಳ ಉಯಿಲಿಗೆ ಒಬ್ಬ ಸಾಕ್ಷಿಯಾಗಿ ನೀವೇ ರುಜು ಹಾಕಿ. ಮುಂದೊಮ್ಮೆ ಬಂಧುಗಳಲ್ಲಿ ಯಾರಾದರೂ ತಕರಾರು ತೆಗೆದರೆ, ನ್ಯಾಯಾಲಯವು ಕರೆಸಿ ಕೇಳುವುದು ಸಾಕ್ಷಿಯನ್ನೇ. ಮಗಳ ಇಚ್ಛೆ ಇದೇ ಆಗಿತ್ತು ಎಂದು ಅಲ್ಲಿ ಹೇಳಲು ಹೆತ್ತವಳಿಗಿಂತ ಗಟ್ಟಿಯಾದ ದನಿ ಬೇರೆಯದಿಲ್ಲ.